‘ವಕ್ರೀಭವನ’ದಾಗಿನ ವಕ್ರ ಅಂದ್ರ ಬಾಗೋದೋ, ಹೊಳ್ಳೋದೋ?

ಎಲ್ಲಾರಿಗೂ ಶರಣಾರ್ಥಿ. ವಕ್ರೀಭವನ (ಬೆಳಕು ಗಾಳಿಯಿಂದ ಗಾಜಿಗೋ ನೀರಿಗೋ ಹೋಗೋ ಮುಂದ ದಿಕ್ಕು ಬದಲಿಸೋದು, ಇಂಗ್ಲಿಷಿನಾಗ ರಿಫ್ರಾಕ್ಷನ್) ಅನ್ನೋ ಶಬ್ದದ ಬಗ್ಗೆ ಕೇಳೋದದ, ಸ್ವಲ್ಪ ಉದ್ದ ಆಗ್ತದ, ಪೂರ್ತಿ ಓದ್ರಿ.

ನಮ್ಮಕ್ಕನ ಮಗಳು ಈ ವರ್ಷ ಹತ್ತನೇತ್ತ, ಕನ್ನಡ ಮೀಡಿಯಂ, ಇಲ್ಲೇ ಕಲಬುರಗಿಯೊಳಗ ನಮ್ಮ ಮನ್ಯಾಗ ಇದ್ದು ಓದ್ತಾಳ. ಹೋದ ವಾರ ಬೆಳಕಿನ ಪಾಠದ್ದು ಗಾಜಿನ ಚಪ್ಪಡಿ ಚಿತ್ರ ಬರದು ತಂದು ತೋರ್ಸಿದ್ಲು. ಗಾಳಿಯಿಂದ ಬರೋ ಕಿರಣ ಸ್ಕೇಲ್ ಹಚ್ಚಿ ನೆಟ್ಟಗ ಎಳದಾಳ, ಗಾಜಿನ ಒಳಗ ಹೋದ ಮ್ಯಾಲ ಮಾತ್ರ ಕಂಪಾಸ್ ಹಚ್ಚಿ ಬಿಲ್ಲಿನಂಗ ಬಾಗಿಸ್ಯಾಳ, ಹೊರಗ ಬಂದ ಮ್ಯಾಲ ಮತ್ತ ನೆಟ್ಟಗ. ಭಾಳ ಚಂದ ಇತ್ತು ಚಿತ್ರ, ಆದ್ರ ತಪ್ಪು. ಹಂಗಲ್ಲವ್ವ, ಒಳಗೂ ನೆಟ್ಟಗೇ ಹೋಗ್ತದ ಅಂದೆ. ಅಕಿ ಅಂದಿದ್ದು ಇದು: “ಮಾಮಾ, ವಕ್ರೀಭವನ ಅಂದ್ರ ವಕ್ರ ಆಗೋದಲ್ಲೇನು? ಗಣಿತದಾಗ ವಕ್ರರೇಖೆ ಅಂದ್ರ ಬಾಗಿದ ಗೆರಿ. ಇದೇ ಪಾಠದಾಗ ವಕ್ರತಾ ಕೇಂದ್ರ, ವಕ್ರತಾ ತ್ರಿಜ್ಯ ಅಂತ ಬಂದಾವ, ಅಲ್ಲೂ ಕನ್ನಡಿ ಗುಂಡಗ ಇರೋದಕ್ಕೇ ವಕ್ರ ಅಂದಾರ. ಇಲ್ಲಿ ಒಂದೇ ಯಾಕ ಬ್ಯಾರೆ?”

ನನಗ ಉತ್ತರ ಬರ್ಲಿಲ್ರಿ. ಅಕಿದು ತಪ್ಪೇನದ ಇದ್ರಾಗ? ಶಬ್ದ ಹೇಳಿದಂಗ ಚಿತ್ರ ತಗದಾಳ.

ಮೊದ್ಲು ಅಲ್ಲಿ ನಡಿಯೋದು ಏನು ಅಂತ ಹೇಳ್ತೀನಿ, ಆಮ್ಯಾಲ ಶಬ್ದಕ್ಕ ಬರ್ತೀನಿ. ಬೆಳಕು ಗಾಳಿಯೊಳಗ ಸೆಕೆಂಡಿಗೆ ಹೆಚ್ಚುಕಡಿಮಿ 3 ಲಕ್ಷ ಕಿಲೋಮೀಟರ್ ಓಡ್ತದ, ನೀರಾಗ ಸುಮಾರು 2.25 ಲಕ್ಷ, ಸಾದಾ ಗಾಜಿನಾಗ ಸುಮಾರು 2 ಲಕ್ಷ. ವೇಗ ಕಡಿಮಿ ಆಗೋದೇ ದಿಕ್ಕು ಬದಲಾಗ್ಲಿಕ್ಕ ಕಾರಣ. ಇದನ್ನ ಅಕಿಗೆ ಬಂಡಿ ಮ್ಯಾಲ ಹೇಳ್ದೆ. ಮಳಿ ಆಗ್ಯದ, ಗಟ್ಟಿ ಮೊರಂ ರಸ್ತಾದಿಂದ ಎತ್ತಿನ ಬಂಡಿ ವಾರಿಯಾಗಿ ಎರಿ ಹೊಲಕ್ಕ ಇಳಿತದ ಅಂತ ತಿಳಕೊ. ಎರಡೂ ಗಾಲಿ ಒಂದೇ ಸಲ ಕೆಸರಿಗೆ ಬೀಳಂಗಿಲ್ಲ, ಒಂದು ಮೊದಲ ಬೀಳ್ತದ. ಅದು ಅಲ್ಲೇ ಜಗ್ತದ, ಇನ್ನೊಂದು ಇನ್ನಾ ಗಟ್ಟಿ ನೆಲದ ಮ್ಯಾಲ ಜೋರಾಗೇ ಓಡ್ಲತ್ತದ, ಹಿಂಗಾಗಿ ಬಂಡಿ ಕೆಸರಿಗೆ ಬಿದ್ದ ಗಾಲಿ ಕಡೆ ಹೊಳ್ತದ, ಅಂದ್ರ ತಿರುಗ್ತದ. ಎರಡನೇ ಗಾಲಿನೂ ಕೆಸರಿಗೆ ಬಿತ್ತೋ, ಹೊಳ್ಳೋದು ಮುಗೀತು, ಆಮ್ಯಾಲ ಸಾವಕಾಶ ಹೋಗ್ತದ ಖರೆ, ನೆಟ್ಟಗೇ ಹೋಗ್ತದ. ವಾರಿ ಇಲ್ದಂಗ ಎದುರಿಗೇ ಇಳಿಸಿದ್ರ ಎರಡೂ ಗಾಲಿ ಕೂಡೇ ಬೀಳ್ತಾವ, ಬಂಡಿ ಹೊಳ್ಳಂಗೇ ಇಲ್ಲ. ಬೆಳಕೂ ಹಂಗೇ, ಗಾಳಿ ಮತ್ತ ಗಾಜಿನ ಗಡಿ ಮ್ಯಾಲ ಒಂದೇ ಕಡೆ ಹೊಳ್ತದ, ಒಳಗ ಬಾಗಂಗಿಲ್ಲ. ಬಂಡಿ ಹೇಳಿದ ಮ್ಯಾಲ ಹುಡುಗಿಗೆ ಪೂರಾ ತಿಳೀತು, ಚಿತ್ರ ತಾನೇ ತಿದ್ದಿದ್ಲು, ಆದ್ರ ಶಬ್ದದ ತಕರಾರು ಬಿಡ್ಲಿಲ್ಲ.

ಈಗ ವಕ್ರಕ್ಕ ಬರೋಣ. ನಾ ಎರಡು ದಿನ ಇದನ್ನೇ ವಿಚಾರ ಮಾಡ್ದೆ. ನಮ್ಮ ಮಾತಿನಾಗ ವಕ್ರ ಅನ್ನೋದು ಎರಡು ನಮೂನಿ ಅರ್ಥದಾಗ ಬರ್ತದ ಅಂತ ಅನಸ್ತು. ವಕ್ರತುಂಡ ಅಂತೀವಿ ಗಣಪಗ, ಆ ಸೊಂಡಿಲು ಬಾಗಿದ್ದು, ಎಲ್ಲೂ ಮೂಲಿ ಇಲ್ಲ, ನುಣ್ಣಗ ಸುತ್ತಿಕೊಂಡು ಹೋಗ್ತದ. ಇನ್ನೊಂದು ಕಡೆ ಅಷ್ಟಾವಕ್ರ, ಮೈ ಎಂಟು ಕಡೆ ಸೊಟ್ಟ ಇದ್ದ ಋಷಿ. ಅಲ್ಲಿ ವಕ್ರ ಅಂದ್ರ ಕೀಲಿನಾಗ ಸೊಟ್ಟ ಆಗಿದ್ದು, ಎಂಟು ಅಂತ ಎಣಿಸ್ಲಿಕ್ಕ ಬರ್ತದ. ಎಣಿಸ್ಲಿಕ್ಕ ಬರೋ ವಕ್ರ, ಎಣಿಸ್ಲಿಕ್ಕ ಬರಲಾರದ ವಕ್ರ. ಗಾಜಿನ ಚಪ್ಪಡಿಯೊಳಗ ಕಿರಣ ಎರಡು ಕಡೆ ವಕ್ರ, ಒಳಗ ಹೋಗೋ ಮುಂದ ಒಮ್ಮೆ, ಹೊರಗ ಬರೋ ಮುಂದ ಒಮ್ಮೆ, ಅಂದ್ರ ಅದು ಅಷ್ಟಾವಕ್ರನ ವಕ್ರ, ಗಣಪನ ಸೊಂಡಿಲಿನ ವಕ್ರ ಅಲ್ಲ. ಆದ್ರ ಶಾಲಿ ಪುಸ್ತಕದಾಗ ಗಣಿತದವರು ವಕ್ರ ಶಬ್ದ ಪೂರಾ ಸೊಂಡಿಲಿನ ಕಡೆ ಎಳಕೊಂಡಾರ, ಹಿಂಗಾಗಿ ವಿಜ್ಞಾನದ ಪಾಠಕ್ಕ ಬಂದಾಗ ಮಕ್ಕಳಿಗೆ ಅದೊಂದೇ ಕಾಣ್ತದ. ನನ್ನ ಈ ವಿಚಾರ ಸರಿ ಅದನೋ ಇಲ್ಲೋ, ಸಂಸ್ಕೃತ ಬಲ್ಲವರು ಹೇಳ್ಬೇಕು.

ನಮ್ಮ ಸುತ್ತ ನಾಕು ಭಾಷಾ ಅದಾವ, ಅವರು ಏನಂತಾರ ನೋಡಿದ್ರ ಮಜಾ ಅದ. ಗುರುಮಠಕಲ್, ಸೇಡಂ ದಾಟಿದ್ರ ತೆಲುಗು, ಅವರೂ ವಕ್ರೀಭವನಂ ಅಂತಾರ, ಅಲ್ಲಿಯ ಹುಡುಗುರೂ ಹಿಂಗೇ ಬಿಲ್ಲು ಬರೀತಾರೇನೋ ಕೇಳ್ಬೇಕು. ಆಳಂದ, ಭಾಲ್ಕಿ ದಾಟಿದ್ರ ಮರಾಠಿ, ಅವರು ಅಪವರ್ತನ ಅಂತಾರ, ಹಿಂದಿಯೊಳಗೂ ಅದೇ. ಅಪ ಅಂದ್ರ ಆ ಕಡೆ, ವರ್ತನ ಅಂದ್ರ ಹೊಳ್ಳೋದು, ಅರ್ಥ ಎಷ್ಟು ಸರಿ ಕೂಡ್ತದ! ಆದ್ರ ನಮಗ ಅದು ಸಿಗಂಗಿಲ್ಲ, ಯಾಕಂದ್ರ ಕನ್ನಡ ಗಣಿತದಾಗ ಅಪವರ್ತನ ಅಂದ್ರ ಫ್ಯಾಕ್ಟರ್, 12ರ ಅಪವರ್ತನಗಳನ್ನ ಬರೆಯಿರಿ ಅಂತ ಐದನೇತ್ತದಿಂದ ಬಾಯಿಪಾಠ ಆಗ್ಯದ. ಬೀದರ್, ಕಲಬುರಗಿ ಉರ್ದು ಮೀಡಿಯಂ ಹುಡುಗುರು ಇನ್‌ಇತಾಫ್ ಅಂತ ಓದ್ತಾರ, ಪ್ರತಿಫಲನಕ್ಕ ಇನ್‌ಇಕಾಸ್, ಅಕ್ಸ್ ಅಂದ್ರ ನೆರಳು ಬಿಂಬ ಅಂತೀವಲ್ಲ ಅದರಿಂದನೇ ಬಂದದ್ದು. ತಮಿಳಿನಾಗ ಒಳಿವಿಲಗಲ್, ಬೆಳಕು ಬಾಜೂಕ ಸರಿಯೋದು ಅಂತ ಅರ್ಥ. ಇಂಗ್ಲಿಷಿನ ರಿಫ್ರಾಕ್ಷನ್ ಲ್ಯಾಟಿನ್‌ನಾಗ ಮುರಿ ಅನ್ನೋ ಶಬ್ದದಿಂದ ಬಂದದ್ದು, ಎಲುಬು ಮುರದ್ರ ಫ್ರಾಕ್ಚರ್ ಅಂತೀವಲ್ಲ, ಎರಡೂ ಒಂದೇ ಬೇರು.

ಇಲ್ಲಿ ನನಗ ನಮ್ಮವ್ವನ ಮಾತು ನೆನಪಾತು. ಬಕೀಟಿನಾಗ ಅರ್ಧ ಮುಳಗಿದ ಕಟಗಿ ನೋಡಿ “ಮುರದಂಗ ಕಾಣ್ತದ” ಅಂತಾಳ, ಬಾಗಿದಂಗ ಅಂತ ಯಾವತ್ತೂ ಅನ್ನಂಗಿಲ್ಲ. ಶಾಲಿಗೆ ಹೋಗಲಾರದಕಿ, ಆದ್ರ ಕಣ್ಣಿಗೆ ಕಂಡಿದ್ದಕ್ಕ ಸರಿಯಾದ ಶಬ್ದ ಹಚ್ತಾಳ, ಲ್ಯಾಟಿನ್‌ನವರು ಹಚ್ಚಿದ್ದೂ ಅದೇ. ಹಂಗಂತ ಬೆಳಕಿನ ಮುರಿತ ಅಂತ ಮಾಡ್ಲಿಕ್ಕ ನನ್ನ ಮನಸ್ಸು ಒಪ್ಪವಲ್ದು. ಮುರಿತ ಅಂದ ಕೂಡ್ಲೇ ಎರಡು ತುಂಡು ಕಣ್ಣಮುಂದ ಬರ್ತಾವ, ಕಿರಣ ತುಂಡಾಗಂಗಿಲ್ಲ, ಮುಂದ ಪ್ರಿಸಮ್ ಪಾಠದಾಗ ಬಣ್ಣ ಬ್ಯಾರೆ ಬ್ಯಾರೆ ಆಗೋದು ಬಂದಾಗ ಮತ್ತ ಗೊಂದಲ.

ನಮ್ಮ ಕಡೆ ಹೊಳ್ಳು ಅಂತ ಒಂದು ಶಬ್ದ ಅದಲ್ರಿ, ಬಂಡಿ ಕಥಿ ಹೇಳೋ ಮುಂದ ನನ್ನ ಬಾಯಾಗ ತಾನೇ ಬಂದದ್ದು. ಹೊಳ್ಳಿ ನೋಡು, ಹೊಳ್ಳಿ ಬಾ, ಅಲ್ಲಿ ಎಡಕ್ಕ ಹೊಳ್ಳು. ರಸ್ತಾದಾಗ ಹೊಳ್ಳೋದು ಒಂದು ಜಾಗಾದಾಗ ಆಗ್ತದ, ಆಮ್ಯಾಲ ನೆಟ್ಟಗೇ ಹೋಗ್ತೀವಿ. ಕಿರಣ ಕನ್ನಡಿಗೆ ಬಡದು ಹೊಳ್ಳಿ ಬಂದ್ರ ಪ್ರತಿಫಲನ, ಗಾಜಿನಾಗ ಹೊಳ್ಳಿ ಮುಂದ ಹೋದ್ರ ವಕ್ರೀಭವನ. ಒಂದೇ ಕ್ರಿಯಾಪದದಾಗ ಎರಡೂ ಬಂದ್ವು! ಪ್ರತಿಫಲನಕ್ಕೂ ಇದು ಬೇಕಾಗ್ಯದ, ಯಾಕಂದ್ರ ಪ್ರತಿಫಲ ಅಂದ್ರ ಮಕ್ಕಳಿಗೆ ಮಾಡಿದ ಕೆಲಸಕ್ಕ ಸಿಗೋ ಕೂಲಿ, ಬೆಳಕಿಗೂ ಅದಕ್ಕೂ ಏನು ಸಂಬಂಧ ಅಂತ ತಿಳಿಯಂಗಿಲ್ಲ. ಪುಸ್ತಕದ ಶಬ್ದ ತಗದು ಇದನ್ನ ಹಾಕ್ರಿ ಅಂತ ನಾ ಅನ್ನಂಗಿಲ್ಲ, ಪರೀಕ್ಷಾದಾಗ ವಕ್ರೀಭವನ ಅಂತಲೇ ಬರೀಬೇಕು. ಪಾಠ ಹೇಳೋ ಮುಂದ ಮೊದಲ ಹೊಳ್ಳೋದು ಅಂತ ತಿಳಿಸಿ, ಆಮ್ಯಾಲ ಅದಕ್ಕ ಹಿಂಗ ಅಂತಾರ ಅಂತ ಹೇಳಿದ್ರ ಮಕ್ಕಳು ಬಿಲ್ಲು ಬರಿಯಂಗಿಲ್ಲ ಅಂತ ನನ್ನ ನಂಬಿಕಿ.

ಮತ್ತ ನೋಡ್ರಿ, ಬಿಲ್ಲಿನಂಗ ಖರೇನೇ ಬಾಗೋ ಜಾಗಾನೂ ಅದ. ಎಪ್ರಿಲ್-ಮೇದಾಗ ಮಧ್ಯಾಹ್ನ ಜೇವರ್ಗಿ ರಸ್ತಾದಾಗ ಹೋಗ್ರಿ, ದೂರಕ್ಕ ಡಾಂಬರ್ ಮ್ಯಾಲ ನೀರು ನಿಂತಂಗ ಕಾಣ್ತದ, ಹತ್ರ ಹೋದ್ರ ಇರಂಗಿಲ್ಲ. ನೆಲದ ಹತ್ರದ ಗಾಳಿ ಕಾದು ತೆಳ್ಳಗಾಗಿರ್ತದ, ಮ್ಯಾಲಿನದು ಅಷ್ಟು ಕಾದಿರಂಗಿಲ್ಲ, ನಡಕ ಗಡಿ ಅಂತ ಒಂದು ಇಲ್ಲ, ಪದರ ಪದರ ಸಾವಕಾಶ ಬದಲಾಗ್ತದ. ಹಿಂಗಾಗಿ ಆಕಾಶದಿಂದ ಇಳಿಯೋ ಬೆಳಕು ನೆಲ ಮುಟ್ಟೋಕಿಂತ ಮೊದಲ ನುಣ್ಣಗ ಬಾಗಿ ಮ್ಯಾಲ ಎದ್ದು ನಮ್ಮ ಕಣ್ಣಿಗೆ ಬರ್ತದ, ನಾವು ನೋಡೋದು ರಸ್ತಾದ ಮ್ಯಾಲ ಆಕಾಶದ ತುಂಡು. ಅಲ್ಲಿ ವಕ್ರೀಭವನ ಅನ್ನೋ ಶಬ್ದ ಸೊಂಡಿಲಿನ ಅರ್ಥದಾಗೇ ಸರಿ. ಅಕ್ಕನ ಮಗಳು ಬರೆದ ಚಿತ್ರ ಗಾಜಿನ ಚಪ್ಪಡಿದು ಅಲ್ಲ, ಬಿಸಿಲ್ಗುದುರೆದು ಅಂತ ಅಂದಾಗ ಅಕಿ ಮುಖ ಅರಳ್ತು. ಬಿಸಿಲ್ಗುದುರೆ, ಎಂಥ ಶಬ್ದರಿ ಅದು! ಮರೀಚಿಕೆ ಅಂತ ಬರದು ಅದನ್ನ ಯಾಕ ಮರೀತೀವೋ.

ಇದೇ ಪಾಠದಾಗಿನ ಬ್ಯಾರೆ ಶಬ್ದಗೋಳೂ ಒಂದೆರಡು ಕೇಳಿಬಿಡ್ತೀನಿ. ಮಸೂರ, ಅಂದ್ರ ಲೆನ್ಸ್. ಲ್ಯಾಟಿನ್‌ನಾಗ ಲೆನ್ಸ್ ಅಂದ್ರನೇ ಮಸೂರ್ ಕಾಳು, ಗಾಜು ಆ ಕಾಳಿನ ಆಕಾರ ಇರೋದಕ್ಕ ಆ ಹೆಸರು, ಉರ್ದುದಾಗೂ ಅದಸಾ, ಅರಬ್ಬಿಯೊಳಗ ಅದಸ್ ಅಂದ್ರ ಅದೇ ಕಾಳು. ನಮ್ಮ ಜಿಲ್ಲಾ ತೊಗರಿ ಕಣಜ, 2019ರಾಗ ಇಲ್ಲಿಯ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್ (ಈ ಊರಿನ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕದ, ದಿನಾ ಬ್ಯಾಳಿ ಉಣ್ಣೋ ಮಕ್ಕಳಿಗೆ ಮಸೂರ ಅಂದ್ರ ಬ್ಯಾಳಿ ಕಾಳು ಅಂತ ಒಮ್ಮೆನೂ ಯಾರೂ ಹೇಳಿರಂಗಿಲ್ಲ. ಅಡಗಿ ಮನಿಯಿಂದ ಇಡೀ ಮಸೂರ್ ಕಾಳು ತಂದು ಅಂಗೈ ಮ್ಯಾಲ ಇಟ್ಟೆ, ಎರಡೂ ಕಡೆ ಉಬ್ಬು, ಅಂಚು ತೆಳ್ಳಗ, ಪೀನ ಮಸೂರ ಅಂದ್ರ ಇದೇ. ಒಡದ ಬ್ಯಾಳಿ ಒಂದು ಕಡೆ ಸಪಾಟು, ಅಂಥ ಮಸೂರನೂ ಇರ್ತಾವ. ನಿಮ್ನ ಮಸೂರ ಮಾತ್ರ ಯಾವ ಕಾಳಿನಾಗೂ ಸಿಗಂಗಿಲ್ಲ.

ನಿಮ್ನ, ಪೀನ ಎರಡೂ ಮಕ್ಕಳಿಗೆ ಅದಲಿಬದಲಿ ಆಗ್ತಾವ, ಯಾಕಂದ್ರ ಎರಡೂ ಶಬ್ದ ಮನ್ಯಾಗ ಕೇಳಿಲ್ಲ. ತಗ್ಗು, ಉಬ್ಬು ಅಂದ್ರ ಸಾಕಲ್ಲ? ತಗ್ಗುಗನ್ನಡಿ, ಉಬ್ಬುಗನ್ನಡಿ. ಹುಡುಗಿದು ಮೈನಸ್ ನಂಬರಿನ ಚಷ್ಮಾ, ನನ್ನದು ಚಾಳೀಸು. ನಾಲ್ವತ್ತು ದಾಟಿದ ಮ್ಯಾಲ ಬರೋದಕ್ಕ ಚಾಳೀಸು ಅಂತ ಹೆಸರು, ಇದೂ ಭಾಳ ಸರಿಯಾದ ಶಬ್ದ, ರೋಗದ ಹೆಸರಿನಾಗೇ ವಯಸ್ಸು ಅದ. ಎರಡನ್ನೂ ಪೇಪರ್ ಮ್ಯಾಲ ಸ್ವಲ್ಪ ಎತ್ತಿ ಹಿಡದ್ವಿ, ನನ್ನದ್ರಾಗ ಅಕ್ಷರ ದೊಡ್ಡು ಕಂಡ್ವು, ಅಕಿದ್ರಾಗ ಸಣ್ಣು. ನಂದು ಉಬ್ಬು, ಅಕಿದು ತಗ್ಗು. ನನ್ನ ನಂಬರ್ ಪ್ಲಸ್ 2, ಅಂದ್ರ ಸಂಗಮ ದೂರ (ಮಸೂರದಿಂದ ಕಿರಣಗೋಳು ಕೂಡೋ ಬಿಂದು ತನಕದ ದೂರ) 50 ಸೆಂಟಿಮೀಟರ್.

ಈ ಸಂಗಮ ಅನ್ನೋದ್ರ ಮ್ಯಾಲೂ ನನ್ನದೊಂದು ತಕರಾರು. ಸಂಗಮ ಅಂದ್ರ ನಮಗ ಗಾಣಗಾಪುರ, ಭೀಮಾ ಅಮರ್ಜಾ ಕೂಡೋ ಜಾಗ. ಅಲ್ಲಿ ಕೂಡಿದ ನೀರು ಕೂಡೇ ಮುಂದ ಹೋಗ್ತದ. ಕಿರಣಗೋಳು ಒಂದು ಬಿಂದುದಾಗ ಕೂಡಿ, ದಾಟಿ, ಮತ್ತ ಅಗಲ ಆಗ್ತಾವ. ಆ ಬಿಂದುಕ್ಕ ಇಂಗ್ಲಿಷಿನಾಗ ಫೋಕಸ್ ಅಂತಾರ, ಆ ಶಬ್ದ ಬೆಳಕಿನ ಶಾಸ್ತ್ರಕ್ಕ ತಂದವ ಖಗೋಳ ವಿಜ್ಞಾನಿ ಕೆಪ್ಲರ್, 1604ರಾಗ, ಲ್ಯಾಟಿನ್‌ನಾಗ ಅದಕ್ಕ ಒಲಿ ಅಂತ ಅರ್ಥ. ಭೂತಗನ್ನಡಿಲಿಂದ ಬಿಸಿಲು ಹಿಡದು ಕಾಗದ ಸುಟ್ಟವರಿಗೆ ಒಲಿ ಯಾಕ ಅಂತ ಹೇಳೋದು ಬ್ಯಾಡ. ಆದ್ರ ಸಂಗಮ ಕೇಳ್ಲಿಕ್ಕ ಇಂಪಾಗ್ಯದ, ಬಿಡ್ಲಿಕ್ಕ ಮನಸ್ಸಿಲ್ಲ.

ಮಿಥ್ಯ ಪ್ರತಿಬಿಂಬಕ್ಕ ಮಾತ್ರ ನಮ್ಮಲ್ಲಿ ಮೊದ್ಲಿಂದನೇ ಶಬ್ದ ಅದ ಅಂತ ನನಗ ಗಟ್ಟಿ ಅನಸ್ತದ: ಕನ್ನಡಿಯೊಳಗಿನ ಗಂಟು. ಮಿಥ್ಯ ಅಂದ್ರ ಮಕ್ಕಳು ಸುಳ್ಳು ಅಂತ ತಿಳಕೋತಾರ, ಇಲ್ಲದ್ದು ಅಂತ. ಸುಳ್ಳಲ್ಲ ಅದು, ಕಣ್ಣಿಗೆ ಕಾಣ್ತದ, ಮೊಬೈಲಿನಾಗ ಫೋಟೋನೂ ಬರ್ತದ, ಕನ್ನಡಿ ಹಿಂದ ಕಾಗದ ಹಿಡದು ಅದನ್ನ ಹಿಡೀಲಿಕ್ಕ ಮಾತ್ರ ಬರಂಗಿಲ್ಲ. ಕಾಣ್ತದ ಕೈಗೆ ಸಿಗಂಗಿಲ್ಲ, ಗಂಟಿನ ಗಾದಿಯೂ ಅದನ್ನೇ ಹೇಳ್ತದ.

ಹಿಂಗಾಗಿ ನಾ ಕೇಳೋದು ಇಷ್ಟು. ಕಿರಣ ಒಂದೇ ಜಾಗಾದಾಗ ದಿಕ್ಕು ಬದಲಿಸೋದಕ್ಕ ಹೊಳ್ಳು ಅನ್ನೋದು ನಿಮ್ಮ ಕಿವಿಗೆ ಸರಿ ಬೀಳ್ತದೇನು? ಸುರಪುರ, ಶಹಾಪುರ ಕಡೆ ಇದಕ್ಕ ಬ್ಯಾರೆ ಶಬ್ದ ಅದನೋ? ಔರಾದ್, ಬಸವಕಲ್ಯಾಣದವರು ನೀರಾಗಿನ ಕಟಗಿ ನೋಡಿ ಏನಂತಾರ, ಮುರದಂಗ ಅಂತಾರೋ ಸೊಟ್ಟ ಅಂತಾರೋ? ಬಾವಿಯೊಳಗ ಈಸೋರಿಗೆ ಮ್ಯಾಲಿಂದ ನೋಡಿದ್ರ 12 ಫೂಟ್ ನೀರು 9 ಫೂಟಿನಂಗ ಕಾಣ್ತದ, ತಳ ಮ್ಯಾಲ ಬಂದಂಗ ಕಾಣೋ ಆ ಮೋಸಕ್ಕ ಈಸೋರ ಮಾತಿನಾಗ ಹೆಸರೇನಾದ್ರೂ ಇದ್ರ ಅದನ್ನೂ ಬರೀರಿ. ಮನ್ಯಾಗ ಹಿರ್ಯಾರಿದ್ರ ಬಕೀಟಿನಾಗ ಒಂದು ಕಟಗಿ ಇಟ್ಟು ತೋರ್ಸಿ, ನೀವು ಏನೂ ಹೇಳದಂಗ, ಅವರ ಬಾಯಾಗ ಯಾವ ಶಬ್ದ ಬರ್ತದೋ ಅದನ್ನೇ ಇದ್ದಂಗ ಬರದು ಕಳಸ್ರಿ.