ಮಿನಿ ಕುದುರೆಗೆ ಹಾಲ್ಟರ್ (ಹಿಡಿದು ನಡೆಸಲು ತಲೆಗೆ ಹಾಕುವ ಪಟ್ಟಿ) ಅಳತೆ ಹೇಗೆ?

ಪ್ರಶ್ನೆ (ಉಡುಪಿ): ನಮ್ಮ ಮಿನಿ ಕುದುರೆ 33 ಇಂಚು ಎತ್ತರ, ಬೆಳೆದದ್ದೇ. ಕುದುರೆ ಮರಿಯ ಹಾಲ್ಟರ್ ಹಾಕಿದ್ರೆ ಮೂಗಿನ ಪಟ್ಟಿ ಬಿಗಿ, ಕಿವಿ ಹಿಂದೆ ಸಡಿಲ. ಉಜ್ಜಿ ಉಜ್ಜಿ ಕೆನ್ನೆಯ ಕೂದಲೇ ಹೋಗಿದೆ ಮಾರಾಯ್ರೆ.

ಉತ್ತರ 1: ಮರಿಯ ಅಳತೆ ಇದಕ್ಕೆ ಸರಿಯಾಗುವುದಿಲ್ಲ, ತಲೆ ಚಿಕ್ಕದಾದರೂ ಹಣೆ, ದವಡೆ ಅಗಲ ಅಲ್ವಾ. ಟೈಲರ್ ಟೇಪಿನಲ್ಲಿ ಮೂಗಿನ ಸುತ್ತಳತೆ ತೆಗೆಯಿರಿ, ಆಮೇಲೆ ಬಾಯಿಯ ಒಂದು ಬದಿಯಿಂದ ಕಿವಿ ಹಿಂದೆ ಹಾದು ಇನ್ನೊಂದು ಬದಿವರೆಗೆ. ಮೂಗಿನ ಪಟ್ಟಿ ಕೆನ್ನೆ ಮೂಳೆಗಿಂತ ಎರಡು ಬೆರಳು ಕೆಳಗೆ ಕೂರಬೇಕು, ಒಳಗೂ ಎರಡು ಬೆರಳು ಹೋಗಬೇಕು. ತೀರಾ ಕೆಳಗಿಳಿದರೆ ಉಸಿರಿಗೆ ಕಷ್ಟ.

ಉತ್ತರ 2 (ಮಂಗಳೂರು): ನೈಲಾನ್ ಹಾಕಿ ಮೇಯಲು ಬಿಡಬೇಡಿ, ಬೇಲಿಗೆ ಸಿಕ್ಕಿದರೆ ಹರಿಯುವುದಿಲ್ಲ. ಚರ್ಮದ್ದು ಹರಿಯುತ್ತದೆ, ಆದ್ರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಒರೆಸುವುದೇ ಕೆಲಸ.

ಕೇಳಿದವರು: ಹಳೆಯದು ಬಿಚ್ಚಿಟ್ಟೆ. ಟೇಪ್ ತೋರಿಸಿದ್ರೆ ಕಚ್ಚಲು ಬರುತ್ತದೆ!