ಇಂಗ್ಲಿಷ್‌ನ ಸಣ್ಣ ಸಣ್ಣ ಪದಗಳಿಗೆ ಸರಳವಾಗಿ ಅರ್ಥ ಹೇಳೋ ಡಿಕ್ಷನರಿ ಯಾವ್ದಿದೆ?

ಪ್ರಶ್ನೆ

ಎಲ್ರಿಗೂ ನಮಸ್ಕಾರ. ಆರು ತಿಂಗಳಿಂದ ನಾನೇ ಕೂತು ಇಂಗ್ಲಿಷ್ ಕಲೀತಿದೀನಿ. ದೊಡ್ಡ ಪದಗಳು ಹೇಗೋ ನೆನಪಲ್ಲಿ ಉಳಿಯುತ್ವೆ, ದಿನಾ ಬಳಸೋ ಪದಗಳೇ ಕೈ ಕೊಡ್ತಿವೆ. ಇಂಗ್ಲಿಷ್-ಕನ್ನಡ ಡಿಕ್ಷನರಿ ತೆಗೆದ್ರೆ ಸೀ ಅಂದ್ರೂ ನೋಡು, ಲುಕ್ ಅಂದ್ರೂ ನೋಡು, ವಾಚ್ ಅಂದ್ರೂ ನೋಡು. ಸರಿ ಇಂಗ್ಲಿಷ್-ಇಂಗ್ಲಿಷೇ ನೋಡೋಣ ಅಂತ ಹೋದ್ರೆ ಬಿಗ್ ಅಂದ್ರೆ ಲಾರ್ಜ್ ಅಂತಿದೆ, ಲಾರ್ಜ್ ಅಂದ್ರೆ ಬಿಗ್ ಅಂತಿದೆ, ಗಾಣದೆತ್ತಿನ ಥರ ಸುತ್ತಿದ್ದೇ ಸುತ್ತಿದ್ದು. ಮೊನ್ನೆ ಫ್ರೆಂಡ್ ಹತ್ರ ಪೆನ್ನು ಬೇಕಾಗಿ 'ಕ್ಯಾನ್ ಐ ಲೆಂಡ್ ಯುವರ್ ಪೆನ್' ಅಂದೆ, 'ಬಾರೋ' (borrow) ಅನ್ಬೇಕಿತ್ತಂತೆ. ನಾನು ನೋಡಿದ್ದ ಡಿಕ್ಷನರಿಲಿ ಎರಡಕ್ಕೂ ಸಾಲ ಅಂತಾನೇ ಇತ್ತು. ನೀವೆಲ್ಲ ಹೇಗೆ ಕಲಿತ್ರಿ?

ಉತ್ತರ 1

ನಿಮಗೆ ಬೇಕಾಗಿರೋದು ಲರ್ನರ್ಸ್ ಡಿಕ್ಷನರಿ, ಅಂದ್ರೆ ಕಲಿಯೋರಿಗೆ ಅಂತಾನೇ ಮಾಡಿರೋದು. ಮಾಮೂಲಿ ಡಿಕ್ಷನರಿಲಿ ಸುಲಭದ ಪದಕ್ಕೆ ಕಷ್ಟದ ಪದದಲ್ಲಿ ಅರ್ಥ ಕೊಡೋದು ಹಳೇ ರೋಗ, 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಡಿಕ್ಷನರಿಲಿ ನೆಟ್‌ವರ್ಕ್ ಅನ್ನೋ ಪದಕ್ಕೆ ಕೊಟ್ಟ ವಿವರಣೆ ಓದಿದ್ರೆ ಅದರೊಳಗಿನ ಪದಗಳಿಗೇ ಇನ್ನೊಂದು ಡಿಕ್ಷನರಿ ಬೇಕು. 1935ರಲ್ಲಿ ಮೈಕಲ್ ವೆಸ್ಟ್ ಮತ್ತು ಎಂಡಿಕಾಟ್ ಅನ್ನೋರು ಇದನ್ನ ತಿರುಗಿಸಿದ್ರು, ಬರೀ 1,490 ಪದ ಬಳಸಿ ಸುಮಾರು 24,000 ಪದ, ನುಡಿಗಟ್ಟುಗಳಿಗೆ ಅರ್ಥ ಬರೆದ್ರು. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿದೂ ಇದೇ ದಾರಿ, ಸುಮಾರು 2,000 ಪದಗಳ ಪಟ್ಟಿ ಇಟ್ಕೊಂಡು ಅದರಲ್ಲೇ ವಿವರಣೆ. ಆ 2,000 ಗಟ್ಟಿ ಮಾಡ್ಕೊಳ್ಳಿ, ಮಿಕ್ಕಿದ್ದು ನೀವೇ ಓದ್ಕೋಬಹುದು.

ಉತ್ತರ 2

ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಒಂದು ಮಾತು. ನೀವು ಹೇಳಿದ ವ್ಯತ್ಯಾಸಗಳು ಕನ್ನಡದಲ್ಲೇ ಇವೆ, ನಿಮ್ಮ ಡಿಕ್ಷನರಿ ತೋರಿಸ್ತಿಲ್ಲ ಅಷ್ಟೆ! ಸೀ ಅಂದ್ರೆ ಕಾಣಿಸೋದು, ಲುಕ್ ಅಂದ್ರೆ ಕಣ್ಣು ಆ ಕಡೆ ತಿರುಗಿಸೋದು, ವಾಚ್ ಅಂದ್ರೆ ಏನೋ ನಡೀತಿರೋದನ್ನ ಸ್ವಲ್ಪ ಹೊತ್ತು ಗಮನ ಇಟ್ಟು ನೋಡೋದು. 'ನೋಡಿದೆ, ಆದ್ರೆ ಕಾಣಿಸ್ಲಿಲ್ಲ' ಅಂತೀವಲ್ಲ, ಅಲ್ಲಿ ಲುಕ್ ಮತ್ತು ಸೀ ಎರಡೂ ಬಂತು. ಹಿಯರ್ ಅಂದ್ರೆ ಕೇಳಿಸೋದು, ಲಿಸನ್ ಅಂದ್ರೆ ಕಿವಿಗೊಡೋದು, ಆಸ್ಕ್ ಬೇರೇನೇ, ಆದ್ರೆ ಮೂರಕ್ಕೂ ಡಿಕ್ಷನರಿಲಿ 'ಕೇಳು' ಅಂತ ಬರ್ದುಬಿಟ್ರೆ ಕಲಿಯೋರು ಏನ್ ಮಾಡ್ಬೇಕು? ಬಾರೋ ಅಂದ್ರೆ ಇಸ್ಕೊಳ್ಳೋದು, ಲೆಂಡ್ ಅಂದ್ರೆ ಕೊಡೋದು, ಎರಡರಲ್ಲೂ ವಾಪಸ್ ಬರೋ ಮಾತಿರುತ್ತೆ.

ನೋಟ್‌ಬುಕ್‌ಲಿ ಒಂದೊಂದೇ ಪದ ಬರೀಬೇಡಿ, ಪೂರ್ತಿ ವಾಕ್ಯ ಬರೀರಿ. 1987ರಲ್ಲಿ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯವ್ರ ಜೊತೆ ಸೇರಿ ತಂದ ಕಾಲಿನ್ಸ್ ಕೋಬಿಲ್ಡ್ ಡಿಕ್ಷನರಿಲಿ ಇದೇ ರೀತಿ, 'ನೀವು ಯಾರ ಹತ್ರಾನೋ ಏನನ್ನೋ ಬಾರೋ ಮಾಡಿದ್ರೆ...' ಅನ್ನೋ ಥರ ಶುರುವಾಗುತ್ತೆ. ಯಾರು, ಯಾರಿಗೆ, ಆಮೇಲೇನು, ಎಲ್ಲ ಒಂದೇ ವಾಕ್ಯದಲ್ಲಿ ಬಂದ್ಬಿಡುತ್ತೆ.

ಉತ್ತರ 3

ಎಲ್ಲಾ ಪದಕ್ಕೂ ಇಷ್ಟು ಕಷ್ಟ ಪಡ್ಬೇಡಿ. ಸ್ಪೂನ್, ವಿಂಡೋ, ಕ್ಯಾಟ್ ಇಂಥದಕ್ಕೆ ಚಿತ್ರ ಅಥವಾ ಒಂದು ಕನ್ನಡ ಪದ ಸಾಕು, ಬೆಕ್ಕಿಗೆ ನಾಲ್ಕು ಸಾಲು ವಿವರಣೆ ಓದಿ ಏನ್ ಮಾಡೋದು. ವರ್ಬ್‌ಗಳು, ಮತ್ತೆ ಸ್ಟಿಲ್, ಯೆಟ್, ಆಲ್ರೆಡಿ ಥರದವು, ಅಲ್ಲಿ ಟೈಮ್ ಕೊಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. 'ಕಾಣಿಸ್ಲಿಲ್ಲ' ಉದಾಹರಣೆ ಓದಿ ತಲೆಗೆ ಹೋಯ್ತು. ಈಗ್ಲೇ ಮೂರು ಬರ್ದೆ, ತಪ್ಪಿದ್ರೆ ತಿದ್ದಿ. ವೇಟ್: ಅದು ಬರೋವರೆಗೂ ಅಲ್ಲೇ ಇರೋದು. ಹೋಪ್: ಆಗ್ಲಿ ಅಂತ ಆಸೆ ಪಡೋದು. ಎಕ್ಸ್‌ಪೆಕ್ಟ್: ಒಳ್ಳೇದು ಆಗುತ್ತೆ ಅಂದ್ಕೊಳ್ಳೋದು.

ಉತ್ತರ 2

ಮೊದಲೆರಡು ಚೆನ್ನಾಗಿವೆ. ಮೂರನೇದ್ರಲ್ಲಿ 'ಒಳ್ಳೇದು' ತೆಗೀರಿ, ಕೆಟ್ಟದ್ದನ್ನೂ ಎಕ್ಸ್‌ಪೆಕ್ಟ್ ಮಾಡಬಹುದು, ಆಗೇ ಆಗುತ್ತೆ ಅಂತ ಅನ್ಸಿದ್ರೆ ಸಾಕು, ನಮಗೆ ಇಷ್ಟ ಇರ್ಬೇಕು ಅಂತೇನಿಲ್ಲ. ಇನ್ನೊಂದು, 'ವೇಟ್ ಫಾರ್ ಮಿ' ಅಂತೀವಿ, ಎಕ್ಸ್‌ಪೆಕ್ಟ್ ಆದ್ಮೇಲೆ ಆ ಫಾರ್ ಬರಲ್ಲ, ಅದನ್ನೂ ಪಕ್ಕದಲ್ಲಿ ಬರ್ಕೊಳ್ಳಿ.