ಕ್ಯೂಜಿಐಎಸ್ (ನಕ್ಷೆ ತಂತ್ರಾಂಶ) ಪ್ಲಗಿನ್‌ನಿಂದ ಹೊರಗಿನ ಸ್ಕ್ರಿಪ್ಟ್ ಓಡಿಸಿದರೆ ಇನ್ನೊಂದು ಕ್ಯೂಜಿಐಎಸ್ ತೆರೆದುಕೊಳ್ಳುತ್ತಿದೆ

ಹೇಮಾವತಿ_ನಕ್ಷೆ, ಸಕಲೇಶಪುರ
ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಇಳಿಜಾರು ಲೆಕ್ಕ ಹಾಕುವ ಪೈಥಾನ್ ಸ್ಕ್ರಿಪ್ಟ್ ಇದೆ. ರಾಸ್ಟೀರಿಯೋ (ರಾಸ್ಟರ್ ನಕ್ಷೆ ಓದುವ ಪೈಥಾನ್ ಲೈಬ್ರರಿ) ಬೇಕಾದ್ದರಿಂದ ಕೋಂಡಾದ (ಪೈಥಾನ್ ಪ್ಯಾಕೇಜ್‌ಗಳನ್ನು ನಿಭಾಯಿಸುವ ಸಾಧನ) ಬೇರೆ ಎನ್ವಿರಾನ್‌ಮೆಂಟ್‌ನಲ್ಲಿ ಇಟ್ಟಿದ್ದೇನೆ. ಪ್ಲಗಿನ್ ಬಟನ್ ಒತ್ತಿದರೆ ಅದು ಓಡಬೇಕು. ಸಬ್‌ಪ್ರೊಸೆಸ್‌ಗೆ (ಬೇರೆ ಪ್ರೋಗ್ರಾಂ ಓಡಿಸುವ ಪೈಥಾನ್ ಮಾಡ್ಯೂಲ್) ಸಿಸ್.ಎಕ್ಸಿಕ್ಯೂಟಬಲ್ ಕೊಟ್ಟರೆ ಎರಡನೇ ಕ್ಯೂಜಿಐಎಸ್ ಕಿಟಕಿ ಬರುತ್ತದೆ. ಕೋಂಡಾದ ಪೈಥಾನ್ ಪಾತ್ ನೇರವಾಗಿ ಕೊಟ್ಟರೆ 'ಎಸ್‌ಆರ್‌ಇ ಮಾಡ್ಯೂಲ್ ಮಿಸ್‌ಮ್ಯಾಚ್' ಎರರ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ಏನೂ ತಕರಾರಿಲ್ಲ. ವಿಂಡೋಸ್ 10.

ಪದರ43, ಚಿಕ್ಕಮಗಳೂರು
ಎರಡೂ ಬೇರೆ ಬೇರೆ ಕಾಯಿಲೆ ಸರ್.

ವಿಂಡೋಸ್‌ನಲ್ಲಿ ಪೈಥಾನ್ ಕ್ಯೂಜಿಐಎಸ್ ಒಳಗೇ ಕೂತಿರುತ್ತದೆ. ಹಾಗಾಗಿ ಸಿಸ್.ಎಕ್ಸಿಕ್ಯೂಟಬಲ್ ತೋರಿಸುವುದು ಕ್ಯೂಜಿಐಎಸ್‌ನ ಎಕ್ಸ್‌ಇ ಫೈಲನ್ನೇ, ಪೈಥಾನನ್ನಲ್ಲ. ಅದನ್ನು ಕೈಬಿಡಿ.

ಎರಡನೆಯದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳದ್ದು. ಕ್ಯೂಜಿಐಎಸ್ ಶುರುವಾಗುವಾಗ ಪೈಥಾನ್‌ಹೋಮ್ (ಪೈಥಾನ್ ತನ್ನ ಲೈಬ್ರರಿ ಎಲ್ಲಿ ಹುಡುಕಬೇಕೆಂದು ಹೇಳುವ ವೇರಿಯಬಲ್) ಅನ್ನು ತನ್ನ ಪೈಥಾನ್ ಕಡೆ ತಿರುಗಿಸಿಕೊಳ್ಳುತ್ತದೆ. ಅದರಿಂದ ಹುಟ್ಟುವ ಪ್ರತಿ ಪ್ರೊಸೆಸ್‌ಗೂ ಅದೇ ಬಳುವಳಿ. ನಿಮ್ಮ ಕೋಂಡಾ ಪೈಥಾನ್ ಒಂದು ವರ್ಷನ್, ಓದುತ್ತಿರುವ ಲೈಬ್ರರಿ ಇನ್ನೊಂದು ವರ್ಷನ್‌ದು. ಆ ಎರರ್ ಬಂದದ್ದು ಅದಕ್ಕೇ. ಓಎಸ್.ಎನ್ವಿರಾನ್ (ಈ ವೇರಿಯಬಲ್‌ಗಳ ಪಟ್ಟಿ) ಕಾಪಿ ಮಾಡಿ, ಪೈಥಾನ್‌ಹೋಮ್, ಪೈಥಾನ್‌ಪಾತ್ ಎರಡನ್ನೂ ಅಳಿಸಿ, ಆ ಕಾಪಿಯನ್ನು ಸಬ್‌ಪ್ರೊಸೆಸ್‌ಗೆ ಎನ್ವ್ ಆಗಿ ಕೊಡಿ. ಜಿಡಾಲ್_ಡೇಟಾ, ಪ್ರೋಜ್_ಲಿಬ್, ಪ್ರೋಜ್_ಡೇಟಾ ಕೂಡ ತೆಗೆಯಿರಿ. ಇಲ್ಲದಿದ್ದರೆ ಮುಂದೆ ಪ್ರೋಜ್.ಡಿಬಿ (ನಕ್ಷೆಯ ನಿರ್ದೇಶಾಂಕ ಪದ್ಧತಿಗಳ ಡೇಟಾಬೇಸ್) ಬೇರೆ ಇನ್‌ಸ್ಟಾಲೇಶನ್‌ದು ಎಂದು ಗಲಾಟೆ ಶುರುವಾಗುತ್ತದೆ.

ಇಷ್ಟಾದ ಮೇಲೂ 'ಡಿಎಲ್‌ಎಲ್ ಲೋಡ್ ಫೇಲ್ಡ್' ಬರಬಹುದು. ಆ್ಯಕ್ಟಿವೇಟ್ ಮಾಡದೆ ಪೈಥಾನ್.ಎಕ್ಸ್‌ಇ ಕರೆದರೆ ಆ ಎನ್ವಿರಾನ್‌ಮೆಂಟ್‌ನ ಲೈಬ್ರರಿ\ಬಿನ್ ಫೋಲ್ಡರ್ ಪಾತ್‌ಗೆ ಸೇರುವುದಿಲ್ಲ. ಅದಕ್ಕೆ ಕೋಂಡಾ.ಎಕ್ಸ್‌ಇಯ ಪೂರ್ತಿ ಪಾತ್ ಕೊಟ್ಟು 'ಕೋಂಡಾ ರನ್' ಮೂಲಕ ಓಡಿಸುವುದೇ ವಾಸಿ. ಆರ್ಗ್ಯುಮೆಂಟ್‌ಗಳನ್ನು ಲಿಸ್ಟ್ ಆಗಿ ಕೊಡಿ, ಒಂದೇ ಸ್ಟ್ರಿಂಗ್ ಬೇಡ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಅಲ್ಲೇ ಮುರಿಯುತ್ತದೆ.

ಹೇಮಾವತಿ_ನಕ್ಷೆ
ಓಡಿತು, ಥ್ಯಾಂಕ್ಸ್ ಸರ್. ಆದರೆ ಮುಗಿಯುವವರೆಗೆ ಕ್ಯೂಜಿಐಎಸ್ 'ನಾಟ್ ರೆಸ್ಪಾಂಡಿಂಗ್'. ಊರಿನ ಹೆಸರು ಕನ್ನಡದಲ್ಲಿ ಪ್ರಿಂಟ್ ಮಾಡುವ ಕಡೆ 'ಚಾರ್‌ಮ್ಯಾಪ್' (ಅಕ್ಷರ ಎನ್‌ಕೋಡಿಂಗ್) ಎರರ್ ಬೇರೆ.

ಬಯಲುಸೀಮೆ_ಜಿಐಎಸ್, ಅರಸೀಕೆರೆ
ಚಾರ್‌ಮ್ಯಾಪ್‌ಗೆ ಅದೇ ಎನ್ವ್‌ನಲ್ಲಿ ಪೈಥಾನ್‌ಯುಟಿಎಫ್8 = 1 ಸೇರಿಸಿ. ಔಟ್‌ಪುಟ್ ಓದುವ ಕಡೆಯೂ ಯುಟಿಎಫ್-8 ಎಂದೇ ಡಿಕೋಡ್ ಮಾಡಬೇಕು.

ಸಬ್‌ಪ್ರೊಸೆಸ್.ರನ್ ಕೆಲಸ ಮುಗಿಯುವ ತನಕ ಮುಖ್ಯ ಥ್ರೆಡ್ಡನ್ನು ಹಿಡಿದಿಡುತ್ತದೆ. ಅದರ ಬದಲು ಕ್ಯೂಪ್ರೊಸೆಸ್ (ಹಿನ್ನೆಲೆಯಲ್ಲಿ ಪ್ರೋಗ್ರಾಂ ಓಡಿಸುವ ಕ್ಯೂಟಿ ಲೈಬ್ರರಿಯ ಕ್ಲಾಸ್) ಬಳಸಿ: ಸ್ಟಾರ್ಟ್ ಮಾಡಿ ಬಿಟ್ಟುಬಿಡಿ, ಫಿನಿಶ್ಡ್ ಸಿಗ್ನಲ್ ಬಂದಾಗ ಎಕ್ಸಿಟ್ ಕೋಡ್ 0 ಇದೆಯೇ ನೋಡಿ ಲೇಯರ್ ಸೇರಿಸಿ. ಆಬ್ಜೆಕ್ಟನ್ನು ಸೆಲ್ಫ್‌ಗೆ ಕಟ್ಟಿಡಿ. ಲೋಕಲ್ ವೇರಿಯಬಲ್ ಆದರೆ ಫಂಕ್ಷನ್ ಮುಗಿದ ಕೂಡಲೇ ಪ್ರೊಸೆಸ್ಸೂ ಸಾಯುತ್ತದೆ. ಪ್ರೋಗ್ರೆಸ್ ಸಾಲುಗಳು ಆಗಿಂದಾಗಲೇ ಬರಬೇಕೆಂದರೆ ಪೈಥಾನ್‌ಗೆ ಮೈನಸ್ ಯು (-u), ಕೋಂಡಾ ರನ್‌ಗೆ ನೋ-ಕ್ಯಾಪ್ಚರ್-ಔಟ್‌ಪುಟ್, ಎರಡೂ ಬೇಕು.

ಲೇಯರ್ ಪಾತ್ ಕಳಿಸುವಾಗ ಹುಷಾರು. ಜಿಯೋಪ್ಯಾಕೇಜ್ (ಒಂದೇ ಫೈಲಿನಲ್ಲಿ ಹಲವು ಲೇಯರ್ ಇಡುವ ಮಾದರಿ) ಆದರೆ ಸೋರ್ಸ್ ಕೊಡುವ ಪಾತ್‌ನ ಬಾಲಕ್ಕೆ ಪೈಪ್ ಗುರುತು (|), ಲೇಯರ್‌ನೇಮ್ ಅಂಟಿರುತ್ತವೆ. ಪೈಪ್ ಬಳಿ ಕತ್ತರಿಸಿ. ಸೇವ್ ಮಾಡದ ಎಡಿಟ್, ಮೆಮೊರಿ ಲೇಯರ್ ಯಾವುದೂ ಹೊರಗಿನ ಸ್ಕ್ರಿಪ್ಟ್‌ಗೆ ಕಾಣುವುದಿಲ್ಲ. ಮೊದಲು ಟೆಂಪ್ ಫೈಲಿಗೆ ಬರೆಸಿ. ನಕ್ಷೆಯಲ್ಲಿ ಈಗಾಗಲೇ ತೆರೆದಿರುವ ಟಿಫ್ ಮೇಲೇ ಮತ್ತೆ ಬರೆಯಲು ಹೋದರೆ ವಿಂಡೋಸ್ ಪರ್ಮಿಶನ್ ಕೊಡುವುದಿಲ್ಲ, ಪ್ರತಿ ಸಲ ಹೊಸ ಹೆಸರು ಕೊಡಿ.

ಪದರ43
ಇಳಿಜಾರು ಅಂದಿದ್ದೀರಿ, ಅದಕ್ಕೊಂದು ಮಾತು. ಎಸ್‌ಆರ್‌ಟಿಎಂ (ನಾಸಾದ ಬಾಹ್ಯಾಕಾಶ ರೇಡಾರ್ ಅಳತೆ) ಎತ್ತರದ ಡೇಟಾ ಅಕ್ಷಾಂಶ-ರೇಖಾಂಶದಲ್ಲಿರುತ್ತದೆ. ಹಾಗೇ ಲೆಕ್ಕ ಹಾಕಿದರೆ ಗುಡ್ಡ, ಗದ್ದೆ ಎಲ್ಲವೂ 90 ಡಿಗ್ರಿ ಹತ್ತಿರ ಬರುತ್ತವೆ. ಮೊದಲು ಇಪಿಎಸ್‌ಜಿ 32643ಕ್ಕೆ (ಮೀಟರ್ ಲೆಕ್ಕದ ಯುಟಿಎಂ ನಿರ್ದೇಶಾಂಕ ಪದ್ಧತಿಯ ಸಂಖ್ಯೆ) ರೀಪ್ರೊಜೆಕ್ಟ್ ಮಾಡಿ, ಹಾಸನ, ಚಿಕ್ಕಮಗಳೂರು, ನಮ್ಮ ಎರಡೂ ಜಿಲ್ಲೆ ಯುಟಿಎಂನ 43ನೇ ಉತ್ತರ ವಲಯದಲ್ಲೇ ಇವೆ. ಅಂದಹಾಗೆ ಬರೀ ಇಳಿಜಾರೇ ಸಾಕು ಅಂದರೆ ಕ್ಯೂಜಿಐಎಸ್‌ನ ಪ್ರೊಸೆಸಿಂಗ್‌ನಲ್ಲೇ ಸ್ಲೋಪ್ ಇದೆ, ಕೋಂಡಾ ಗೋಜೇ ಬೇಕಿಲ್ಲ.